ಗುರುವಪ್ಪನವರ ಚಹಾ ನೇರಳೆಯಾಗಿಯೇ ಉಳಿದ ಬಗ್ಗೆ

ನನ್ನ ಹೆಸರು ಕುಸುಮಾ, ವಯಸ್ಸು 36, ಮೂರ್ನಾಡಿನ ಖಾಸಗಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಉಪನ್ಯಾಸಕಿ, ವಾಸ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮನೆ. ಚಹಾ ಅಂಗಡಿಯ ಗುರುವಪ್ಪನವರು ನಾನು ಅವರನ್ನು ಹೊಡೆದೆನೆಂದು ಕೊಟ್ಟಿರುವ ದೂರಿಗೆ ಸಂಬಂಧಿಸಿ ಠಾಣೆಗೆ ಬಂದು ಹೇಳುವುದೇನೆಂದರೆ:

ನಿನ್ನೆ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಯಾವ ಚಹಾದಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚಿದೆ ಎಂದು ಅಳೆದು ತೋರಿಸುವುದು ನನ್ನ ಕೆಲಸ. ಮೆಥನಾಲ್‌ನಲ್ಲಿ ಮಾಡಿದ ನೇರಳೆ ದ್ರಾವಣಕ್ಕೆ ಚಹಾ ಹನಿಸಿದರೆ ಅದು ಹಳದಿಗೆ ತಿರುಗುತ್ತದೆ. ಬಣ್ಣ ಇಳಿದಷ್ಟೂ ಚಹಾ ಒಳ್ಳೆಯದು. ಗುರುವಪ್ಪನವರ ಅಂಗಡಿಯಿಂದ ಹಾಲಿನ ಚಹಾ, ರಸ್ತೆಯ ಆಚೆಗಿರುವ ಅವರ ಅಕ್ಕ ಮುತ್ತಮ್ಮನವರ ಅಂಗಡಿಯಿಂದ ಬ್ಲ್ಯಾಕ್ ಟೀ ತರಿಸಿದ್ದೆ. ಅಕ್ಕ-ತಮ್ಮನಿಗೆ ವರ್ಷಗಳಿಂದ ಮಾತಿಲ್ಲವೆಂದು ಗೊತ್ತಿದ್ದೂ ಇಬ್ಬರನ್ನೂ ಕರೆದದ್ದು ನಾನೇ.

ಬೆಳಿಗ್ಗೆ ಸುಮಾರು 11 ಗಂಟೆಗೆ ಬ್ಲ್ಯಾಕ್ ಟೀ ಹಾಕಿದ ನಳಿಕೆ ಹಳದಿಯಾಯಿತು. ಹಾಲಿನ ಚಹಾದ ನಳಿಕೆ ನೇರಳೆಯಾಗಿಯೇ ಇತ್ತು. ಇದು ಹಾಲಿನಿಂದ ಆಗುವುದು, ಅಂಗಡಿಯವರ ತಪ್ಪಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗುರುವಪ್ಪನ ಚಹಾ ಫೇಲ್ ಎಂದು ಹಿಂದಿನಿಂದ ಯಾರೋ ಅಂದರು. ಮುತ್ತಮ್ಮನವರು ಸೆರಗು ಸರಿಮಾಡಿಕೊಂಡರು ಅಷ್ಟೆ.

ಅದನ್ನು ನೋಡಿ ಗುರುವಪ್ಪನವರು ಎದ್ದು ಬಂದು, ತನ್ನ ಚಹಾ ಕುಡಿದು ಇಲ್ಲಿಯವರೆಗೆ ಯಾರೂ ನೇರಳೆಯಾಗಿಲ್ಲ, ಬೇಕಾದರೆ ತಾನೇ ಕುಡಿದು ತೋರಿಸುತ್ತೇನೆ ಎಂದು ಹೇಳಿ ಮೇಜಿನ ಮೇಲಿದ್ದ ಬೀಕರ್ ಎತ್ತಿದರು. ಅದರಲ್ಲಿ ಚಹಾ ಇರಲಿಲ್ಲ, ಬರೀ ನೇರಳೆ ದ್ರಾವಣವಿತ್ತು. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ವಿವರಿಸಲು ಸಮಯವಿರಲಿಲ್ಲ. ಅವರ ಕೈಗೆ ಹೊಡೆದೆ. ಬೀಕರ್ ಒಡೆಯಿತು, ಅವರ ಬಿಳಿ ಶರ್ಟ್ ನೇರಳೆಯಾಯಿತು. ಹೊಡೆದದ್ದು ನಿಜ, ಜೋರಾಗಿಯೇ ಹೊಡೆದೆ.

ಎಲ್ಲರಿಗಿಂತ ಮೊದಲು ಮುತ್ತಮ್ಮನವರು ಓಡಿಬಂದು ತಮ್ಮನ ಕಿವಿ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ನುಂಗಿದೆಯೇನೋ ಎಂದು ಕೇಳಿದರು. ಇಲ್ಲವೆಂದರೂ ನಂಬದೆ ಮತ್ತೆ ಮತ್ತೆ ಬಾಯಿ ಮುಕ್ಕಳಿಸುವಂತೆ ಮಾಡಿದರು. ಆಮೇಲೆ, ನೀನು ಮೊದಲಿಂದಲೂ ಹಾಲು ಜಾಸ್ತಿ ಸುರಿಯುತ್ತೀಯ ಎಂದರು. ನಿನ್ನದು ಚಹಾ ಅಲ್ಲ, ಪಾತ್ರೆ ತೊಳೆದ ನೀರು ಎಂದು ಗುರುವಪ್ಪನವರು ಹೇಳಿದರು. ಆಸ್ಪತ್ರೆಯವರೆಗೂ ಜೀಪಿನಲ್ಲಿ ಇದೇ ನಡೆಯಿತು. ಒಳಗೆ ಏನೂ ಹೋಗಿಲ್ಲವೆಂದು ತಿಳಿಸಿದ ಡಾಕ್ಟರು ಇಬ್ಬರನ್ನೂ ಹೊರಗೆ ಹೋಗಿ ಮಾತಾಡಲು ಹೇಳಿದರು.

ಈ ದಿನ ಠಾಣೆಯಲ್ಲಿ ಗುರುವಪ್ಪನವರು, ಹಾಲಿಲ್ಲದ ತನ್ನ ಚಹಾವನ್ನು ಎಲ್ಲರೆದುರು ಮತ್ತೆ ಪರೀಕ್ಷೆ ಮಾಡಿದರೆ ದೂರು ವಾಪಸ್ ಪಡೆಯುವುದಾಗಿ ಹೇಳಿದ್ದಾರೆ. ಮುತ್ತಮ್ಮನವರು, ಅವನು ಮತ್ತೆ ಕುಡಿಯಲು ಹೋದರೆ ಟೀಚರ್ ಹೊಡೆಯುವುದು ಬೇಡ, ಅಕ್ಕ ತಾನಿದ್ದೇನೆ ಎಂದಿದ್ದಾರೆ. ಎರಡಕ್ಕೂ ನನ್ನ ಒಪ್ಪಿಗೆ ಇದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಮೂರ್ನಾಡು
ದಿನಾಂಕ: 01-03-2025
ಸಹಿ: ಕುಸುಮಾ