ಗುಲಾಬಿಯ ಪಕ್ಕದ ಕತ್ತಿ

…ಗುಲಾಬಿ, ಸೆನೈದಾ ಕೊಮಾದ್ರೆ! ಕಂಪನಿಯ ಪುಸ್ತಕದಲ್ಲಿ ಆ ಕತ್ತಿಯ ಪಕ್ಕದಲ್ಲಿ ಗುಲಾಬಿ ಹೂವಿನ ಚಿತ್ರ ಹಾಕಿದ್ದರು ಅಂತೀನಿ. ಯಾಕೆ ನಗ್ತೀರಿ? ನಗೋ ವಿಷಯವೇ ಇದು? ನಿಮ್ಮ ಗಂಡನ ಕಣ್ಣಿನ… ಓ. ನಗುವಲ್ಲ ಅದು. ಕ್ಷಮಿಸಿ.

ಸಾಕು, ಸಾಕು, ಇನ್ನು ಸಾರು ಬಡಿಸಬೇಡಿ. ಕೂತ್ಕೊಳ್ಳಿ. ಟೆಲ್ಮೋ ಮಲಗಿದ್ದಾರಾ? ಮಲಗಲಿ.

ತೋಟದ ಧಣಿಯ ವಕೀಲ ಕಳಿಸಿದ ಕಾಗದ ಓದಿದೆ. "ಇದು ಹೂಗಿಡ ಸವರುವ ಸಲಕರಣೆ. ಟೆಲ್ಮೋ ಇದರಲ್ಲಿ ಕೋಕೋ ಮರದ ಕೊಂಬೆ ಕಡಿದಿದ್ದಾನೆ. ತಪ್ಪು ಅವನದೇ, ಪರಿಹಾರವಿಲ್ಲ." ಅಬ್ಬಾ, ಏನು ಎದೆಗಾರಿಕೆ! ಆ ಕತ್ತಿಯನ್ನು ಹಡಗಿನಲ್ಲಿ ತರಿಸಿದವನೂ ಅವನೇ, ಕೈಗೆ ಕೊಟ್ಟು ಮರದ ಬುಡಕ್ಕೆ ಕಳಿಸಿದವನೂ ಅವನೇ. ಒಂದೂಕಾಲು ಕಿಲೋ ತೂಗುತ್ತೆ ಅದು! ಒಂದೂಕಾಲು ಕಿಲೋದಲ್ಲಿ ಯಾರು ಸ್ವಾಮಿ ಗುಲಾಬಿ ಸವರ್ತಾರೆ?

ಆದರೆ ವಕೀಲ ಬೆರಳಿಟ್ಟು ತೋರಿಸೋದು ನಮ್ಮ ಸುಂಕದ ಕಚೇರಿಯ ಕಾಗದವನ್ನ. "ಸರ್ಕಾರವೇ ಹೂದೋಟದ ಸಾಲಿಗೆ ಸೇರಿಸಿದೆಯಲ್ಲ" ಅಂತ.

ನಮ್ಮಲ್ಲಿ ಪ್ರತಿ ವಸ್ತುವಿಗೂ ಪಟ್ಟಿಯಲ್ಲಿ ಒಂದು ಸಾಲು. ಮರ ಕಡಿಯುವ ಕತ್ತಿಗೆ ಒಂದು, ಹೂಗಿಡ ಸವರುವುದಕ್ಕೆ ಇನ್ನೊಂದು. ಕಡಿಯುವ ಸಾಲಿಗೆ ಬಂತೋ, ಪೆಟ್ಟಿಗೆ ಒಡೆದು ಒಂದು ಕತ್ತಿ ತೆಗೆದು ಕಬ್ಬಿಣದ ದಿಮ್ಮಿಗೆ ಹೊಡೆದು ನೋಡಲೇಬೇಕು. ಅಲಗು ಚಕ್ಕೆ ಏಳುತ್ತಾ, ತಡೆಯುತ್ತಾ ಅಂತ. ಹೂವಿನ ಸಾಲಿಗೆ ಆ ಪರೀಕ್ಷೆ ಇಲ್ಲ. ಹೊಡೆದಿದ್ದರೆ ಆ ಚಕ್ಕೆ ದಿಮ್ಮಿಯ ಮೇಲೇ ಹಾರುತ್ತಿತ್ತು. ಟೆಲ್ಮೋ ಕಣ್ಣಿಗೆ…

ಹೂಂ.

ನಿಯಮ ಇದೆ, ಕೊಮಾದ್ರೆ. ವಸ್ತುವನ್ನು ಕೈಯಲ್ಲಿ ಹಿಡಿಯದೆ ಸಾಲು ಬರೆಯಬಾರದು. ನಾನೇ ಹೊಸಬರಿಗೆ ಹೇಳಿಕೊಡ್ತೀನಿ: ಹೆಸರು ನೋಡಬೇಡ, ತೂಕ ನೋಡು. ಆದರೆ ಆ ಸಾಲು ಬರೆದ ಮನುಷ್ಯ… ಶುಕ್ರವಾರ, ಸೆಕೆ, ಗೋದಾಮಿಗೆ ಅರ್ಧ ಗಂಟೆ ನಡೆಯಬೇಕು. ಮೇಜಿನ ಮೇಲೆ ಕಂಪನಿಯ ಚಿತ್ರಪುಸ್ತಕ. ಬಿಳೀ ಹಾಳೆ, ಕತ್ತಿ, ಪಕ್ಕದಲ್ಲಿ ಹೂವು. ಚಿತ್ರಕ್ಕೆ ತೂಕ ಎಲ್ಲಿಂದ ಬರಬೇಕು! ಹೂವಿನಷ್ಟೇ ಉದ್ದ ಕಂಡಿತು. ಬರೆದುಬಿಟ್ಟ. ಲಂಚ ಗಿಂಚ ಏನೂ ಇಲ್ಲ, ಮಾತೆಯ ಆಣೆ! ಸೋಮಾರಿತನ. ಅಷ್ಟೇ.

ಅಷ್ಟೇ ಅಂದೆನಾ? ಅಷ್ಟೇ ಅಲ್ಲ. ಸರಿ.

ಈಗ ಅವನು ಬಾಯಿಬಿಟ್ಟು "ತಪ್ಪು ಸಾಲು, ನಾನು ನೋಡದೆ ಬರೆದೆ" ಅಂತ ಒಂದು ಹಾಳೆ ಬರೆದುಕೊಟ್ಟರೆ ವಕೀಲನ ಕಾಗದ ಒಲೆಗೆ. ಟೆಲ್ಮೋಗೆ ಪರಿಹಾರ. ಅವನ ಕೆಲಸವೂ ಒಲೆಗೆ, ಇಪ್ಪತ್ತೆರಡು ವರ್ಷದ್ದು. ಪಿಂಚಣಿಗೆ ಇನ್ನು ಮೂರೇ ವರ್ಷ ಅವನಿಗೆ… ಹಾಗೆ ನೋಡಬೇಡಿ! ಅವನ ಪರ ವಹಿಸ್ತಿಲ್ಲ ನಾನು. ಬೇರೆ ದಾರಿಯೂ ಇರಬಹುದು ಅಂದೆ. ನಿಮ್ಮ ಮಗಳು ಮರಿತ್ಸಳ ಓದಿನ ಖರ್ಚು ಪೂರ್ತಿ ನನ್ನದು. ಜ್ಞಾನಸ್ನಾನದ ದಿನ ಅವಳಿಗೆ ಧರ್ಮತಂದೆಯಾಗಿ ನಿಂತವನು ನಾನಲ್ಲವೇ? ಅವತ್ತಿನಿಂದ ತಾನೇ ನಿಮ್ಮನ್ನ ಕೊಮಾದ್ರೆ ಅನ್ನೋದು? ಪಟ್ಟಣದಲ್ಲಿ ಒಳ್ಳೇ ಕಣ್ಣಿನ ಡಾಕ್ಟರೂ ಗೊತ್ತು. ಬಸ್ಸು ಬೇಡ, ನಾನೇ ಕರ್ಕೊಂಡು ಹೋಗ್ತೀನಿ…

ಏನಾದರೂ ಅನ್ನಿ, ಸೆನೈದಾ. ಬೈಯಿರಿ. ಆ ಬಾಳೆಕಾಯಿ ಸುಲಿಯೋದು ನಿಲ್ಲಿಸಿ ಒಂದು ಸಲ ಬೈಯಿರಿ ಅವನನ್ನ! ನಮ್ಮವರ ಬಾಯಿ ಸಾಮಾನ್ಯವೇ? ನಿಮ್ಮ ತಮ್ಮನಾಗಿದ್ದರೆ ಇಷ್ಟು ಹೊತ್ತಿಗೆ ಮಚ್ಚು ಹಿಡಿದು "ಯಾರವನು, ಎಲ್ಲಿದ್ದಾನೆ ತೋರಿಸು" ಅಂತ ಬೀದಿಗಿಳಿದಿರುತ್ತಿದ್ದ. ನೀವು…

ನೀವು ಅವನ ಹೆಸರು ಕೇಳಲಿಲ್ಲ.

ಇಷ್ಟು ಹೊತ್ತು ಹೇಳಿದೆ, ಒಂದು ಸಲವೂ ಕೇಳಲಿಲ್ಲ.

ಕೇಳಿ, ಕೊಮಾದ್ರೆ. ಕೇಳಿಬಿಡಿ. ನೀವು ಕೇಳ್ತೀರಿ ಅಂತ ದಾರಿಯುದ್ದಕ್ಕೂ ಒಂದು ಹೆಸರು ಹುಡುಕಿ ಇಟ್ಟುಕೊಂಡು ಬಂದಿದ್ದೆ. ಹೋದ ವರ್ಷ ತೀರಿಕೊಂಡ ಗುಮಾಸ್ತನದು. ಅವನಿಗೆ ಮನೆಯಿಲ್ಲ, ಮಕ್ಕಳಿಲ್ಲ, ಎದುರು ಬಂದು ಇಲ್ಲ ಅನ್ನೋರು ಯಾರೂ ಇಲ್ಲ. ಎಷ್ಟು ಅಚ್ಚುಕಟ್ಟು, ನೋಡಿ…

ಟೆಲ್ಮೋನ ಎಬ್ಬಿಸಿ. ಆ ಹಾಳೆ ಅವರೆದುರೇ ಬರೀಬೇಕು ನಾನು.

ಬೇಡ, ನೀವು ಏಳಬೇಡಿ. ನಾನೇ ಒಳಗೆ ಹೋಗ್ತೀನಿ.