ಪ್ರೊಫೆಸರರ ಹೊಸ ಆಸಕ್ತಿ

ವೈದ್ಯಕೀಯ ಕಾಲೇಜಿನ ಕ್ಯಾಂಟೀನಿನಲ್ಲಿ ಹೊಲಿಗೆಯವಳೊಬ್ಬಳು ಕಾಫಿಗೆಂದು ಸಾಲಿನಲ್ಲಿ ನಿಂತಿದ್ದಳು. ಅವಳ ಕಾಲಿನ ಹುಣ್ಣು ಏನು ಮಾಡಿದರೂ ಮಾಯುತ್ತಿರಲಿಲ್ಲ. ಅದಕ್ಕೇ ಇಲ್ಲಿನ ಪ್ರೊಫೆಸರರ ಸಂಶೋಧನೆಗೆ ಸೇರಿಕೊಂಡು, ಕರೆದಾಗಲೆಲ್ಲ ಬಂದು ಹುಣ್ಣಿನ ಅಂಚಿನ ಚರ್ಮ ಕೊಟ್ಟುಹೋಗುತ್ತಿದ್ದಳು. ಇವತ್ತು ಅವಳ ಮುಂದೆಯೇ ಅವರು ಕಿರಿಯ ಅಧ್ಯಾಪಕಿಯೊಬ್ಬಳ ಜೊತೆ ನಿಂತಿದ್ದರು. ಹಿಂದೆ ಯಾರಿದ್ದಾರೆಂದು ನೋಡಿರಲಿಲ್ಲ.

“ಸರ್, ವೆಬ್‌ಸೈಟಲ್ಲಿ ನಿಮ್ಮ ಸಂಶೋಧನೆಯ ಆಸಕ್ತಿ ಬದಲಾಗಿದೆಯಲ್ಲ? ಹುಣ್ಣು ಹೋಗಿ ಮುಖದ ಸುಕ್ಕು ಬಂದಿದೆ.”

“ಹೂಂ ಕಣಮ್ಮ. ಕೀವು ನೋಡೋಕೆ ಯಾರು ಬರ್ತಾರೆ? ಸುಕ್ಕು ಅಂದ್ರೆ ಎಲ್ರೂ ಕಿವಿ ನಿಮಿರಿಸ್ತಾರೆ.”

“ಹುಣ್ಣಿನವರಿಗೆ ಹೇಳಿದ್ರಾ?”

“ಹೇಳಿದ್ರೆ ಬರೋದೇ ನಿಲ್ಲಿಸ್ತಾರೆ. ಸುಕ್ಕಿನ ಕೆಲಸಕ್ಕೂ ಅವರ ಚರ್ಮ ಬೇಕಲ್ಲ.”

“ಮತ್ತೆ ಹುಣ್ಣಿಗೆ ಹಚ್ಚೋಕೆ ಕೊಡ್ತಿದ್ದ ಆ ಹೊಸ ಔಷಧಿ?”

“ಅದು ಹೋದ ತಿಂಗಳೇ ಬಂದ್. ಈಗ ಕೊಡ್ತಿರೋದು ಬರೀ ಜಿಡ್ಡು. ತಣ್ಣಗಿದೆ ಸಾರ್ ಅಂತ ಖುಷಿಪಡ್ತಾರೆ, ಪಾಪ.”

ಅಧ್ಯಾಪಕಿ ನಗಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ.

ಕಾಫಿ ಹಿಡಿದು ತಿರುಗಿದ ಪ್ರೊಫೆಸರ್ ಅವಳನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಬಾಯ್ತುಂಬ ನಕ್ಕು ಭುಜ ತಟ್ಟಿದರು.

“ಏನ್ ತಾಯಿ, ಗುರುವಾರ ಬರ್ತೀರಲ್ವಾ?”

“ಇಲ್ಲ ಸರ್. ಕಾಲು ಬೇರೆ ಡಾಕ್ಟರಿಗೆ ತೋರಿಸ್ತೀನಿ.”

“ಅಯ್ಯೋ, ಹಾಗಂದ್ರೆ ಹೇಗೆ ತಾಯಿ...” ಎನ್ನುತ್ತಲೇ ಅವರು ಬಾಗಿಲ ಕಡೆ ಸರಿದರು. ಅಧ್ಯಾಪಕಿ ತಲೆ ತಗ್ಗಿಸಿ ಹಿಂದೆಯೇ ಹೋದಳು.

ಹೊಲಿಗೆಯವಳು ಅವರ ಕೈ ತಾಗಿದ ಭುಜವನ್ನು ಕರವಸ್ತ್ರದಿಂದ ಒರೆಸಿಕೊಂಡು, ಆ ಕರವಸ್ತ್ರವನ್ನೂ ಕಸದ ಬುಟ್ಟಿಗೆ ಹಾಕಿದಳು.