ಕಂಪನಿಯ ಮಾನ

ವಿಮಾನ ನಿಲ್ದಾಣದ ಕಾಫಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೀಚರಮ್ಮನಿಗೆ ವಿಮಾನವೆಂದರೆ ಮೊದಲೇ ಪುಕಪುಕ. ಮುಂದೆ ಇಬ್ಬರು ಪೈಲಟ್‌ಗಳು ನಿಂತಿದ್ದರು: ನರೆಗೂದಲಿನ ಒಬ್ಬ ಕ್ಯಾಪ್ಟನ್, ಅವರ ಜೊತೆ ಹಾರುವ ಒಬ್ಬ ತರುಣ. ಅವರ ಸಮವಸ್ತ್ರದ ಮೇಲೆ ಟೀಚರಮ್ಮನ ಟಿಕೆಟ್ಟಿನಲ್ಲಿದ್ದ ಕಂಪನಿಯದೇ ಗುರುತಿತ್ತು.

"ಫೇಸ್‌ಬುಕ್ಕಲ್ಲಿ ಓಡಾಡ್ತಿರೋ ಆ ಪೋಸ್ಟ್ ನೋಡಿದ್ರಾ ಸರ್? ನಮ್ಮ ಕಂಪನಿ ಪೈಲಟ್‌ಗಳಿಗೆ ನಿದ್ದೆ ಮಾಡೋಕೇ ಬಿಡಲ್ವಂತೆ. ಹಸಿ ಸುಳ್ಳು!"

"ಸುಳ್ಳು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಬಿಟ್ಹಾಕು."

"ಹೇಗೆ ಬಿಡ್ಲಿ ಸರ್? ನಮ್ಮಮ್ಮನೇ ಅದನ್ನ ಓದಿ, ಕೆಲಸಕ್ಕೆ ಹೋಗ್ಬೇಡ ಕಣೋ ಅಂತ ಅತ್ತುಬಿಟ್ರು. ಅದಕ್ಕೇ ಕೂತು, ಅದರ ಕೆಳಗೆ ಕಮೆಂಟ್ ಹಾಕಿದ್ದ ಒಬ್ಬೊಬ್ಬರಿಗೂ ಉತ್ತರ ಬರೆದೆ. ನಮಗೆ ಎಷ್ಟು ವಿಶ್ರಾಂತಿ ಕೊಡ್ತಾರೆ ಅಂತ ಎಲ್ಲಾ ಬಿಡಿಸಿ ಹೇಳ್ದೆ."

"ಯಾವಾಗ ಬರೆದೆ?"

"ನಿನ್ನೆ ರಾತ್ರಿ."

"ಎಷ್ಟೊತ್ತಿನ ತನಕ?"

ತರುಣ ಮುಖ ತಿರುಗಿಸಿ ಅಂಗಡಿಯ ಬೆಲೆಪಟ್ಟಿ ನೋಡತೊಡಗಿದ. ಟೀಚರಮ್ಮ ಇನ್ನೊಂದು ಹೆಜ್ಜೆ ಹತ್ತಿರ ಸರಿದರು.

"ನನ್ನ ಮುಖ ನೋಡಿ ಹೇಳು. ಮಲಗಿದ್ಯೋ ಇಲ್ವೋ?"

"ಇಲ್ಲ ಸರ್. ಒಬ್ಬನಿಗೆ ಉತ್ತರ ಕೊಟ್ರೆ ಹತ್ತು ಜನ ಮೇಲೆ ಬೀಳ್ತಿದ್ರು."

"ಹಾಗಾದ್ರೆ ಇವತ್ತು ನೀನು ಹಾರೋ ಹಾಗಿಲ್ಲ. ಈಗ್ಲೇ ಆಫೀಸಿಗೆ ಫೋನ್ ಮಾಡಿ ಹೇಳು."

"ಸರ್, ಪೈಲಟ್‌ಗೆ ನಿದ್ದೆ ಇಲ್ದೆ ವಿಮಾನ ತಡ ಆಯ್ತು ಅಂತ ಗೊತ್ತಾದ್ರೆ, ಆ ಸುಳ್ಳನ್ನೇ ನಿಜ ಅಂತಾರೆ. ನನ್ನ ಕೈಯಾರೆ ಕಂಪನಿ ಮಾನ ಕಳೀಲಾ?"

"ಬಾಯಿಗೆ ಬಂದದ್ದು ಅನ್ಲಿ. ಇವತ್ತು ನಿನ್ನ ಪಕ್ಕ ಕೂತು ಹಾರೋಕೆ ನಂಗೇ ಭಯ ಆಗುತ್ತೆ ಕಣೋ."

ತರುಣ ಜೇಬಿನಿಂದ ಫೋನ್ ತೆಗೆದ. ಇಬ್ಬರೂ ಕಾಫಿ ಕೊಳ್ಳದೆಯೇ ಸಾಲು ಬಿಟ್ಟು ಹೊರಟರು.

"ಹಲೋ... ನಾನೇ. ಇವತ್ತು ನನ್ನ ಕೈಲಿ ಹಾರೋಕಾಗಲ್ಲ..."

ಆ ದನಿ ಜನರ ಗದ್ದಲದಲ್ಲಿ ಕರಗಿಹೋಗುವ ತನಕ ಟೀಚರಮ್ಮ ಕಿವಿಗೊಟ್ಟು ಕೇಳಿಸಿಕೊಂಡರು.